ಕಲಿತ ನಡಿಗೆ, ಮರಳಿ ಕಲಿತ ನಡಿಗೆ



ಮನುಷ್ಯ ಹೇಗೆ ನಡೆಯುತ್ತಾನೆ ಎಂದು ಅರಿಸ್ಟಾಟಲ್ ಕಾಲದಿಂದಲೂ ಕೇಳುತ್ತ ಬಂದಿದ್ದಾರೆ. ಆದರೆ ನಡೆಯುವುದನ್ನು ಮಗು ಹೇಗೆ ಕಲಿಯುತ್ತದೆ, ಪಾರ್ಶ್ವವಾಯು ಬಡಿದು ಕಾಲು ಸ್ವಾಧೀನ ತಪ್ಪಿದವರು ಅದನ್ನೇ ಮತ್ತೆ ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆಗಳನ್ನು ವಿಜ್ಞಾನ ಗಂಭೀರವಾಗಿ ಕೈಗೆತ್ತಿಕೊಂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂದು ನಾನು ಹೇಳಹೊರಟಿರುವುದು ಆ ಹುಡುಕಾಟದ ಕಥೆ.

ಮೊದಲು ನಡಿಗೆಯನ್ನು ಅಳೆಯಬೇಕಿತ್ತು. ಜರ್ಮನಿಯ ವೇಬರ್ ಸಹೋದರರು 1836ರಲ್ಲಿ ಒಂದು ಗ್ರಂಥ ಬರೆದು, ನಾವು ಮುಂದಿಡುವ ಕಾಲು ಲೋಲಕದ ಹಾಗೆ ತನ್ನಷ್ಟಕ್ಕೆ ತೂಗಿ ಬರುತ್ತದೆ ಎಂದು ವಾದಿಸಿದರು. 1891ರಲ್ಲಿ ಲೈಪ್‌ಜಿಗ್‌ನ ಅಂಗರಚನಾ ತಜ್ಞ ವಿಲ್ಹೆಲ್ಮ್ ಬ್ರೌನೆ ಮತ್ತು ಗಣಿತಜ್ಞ ಒಟ್ಟೊ ಫಿಷರ್ ಇದನ್ನು ಪರೀಕ್ಷೆಗೆ ಒಡ್ಡಿದರು. ಒಬ್ಬ ಯುವ ಸೈನಿಕನ ಕೈಕಾಲುಗಳಿಗೆ ಮಿನುಗುವ ಗಾಜಿನ ನಳಿಕೆಗಳನ್ನು ಕಟ್ಟಿ, ರಾತ್ರಿಯ ಕತ್ತಲಲ್ಲಿ ಅವನನ್ನು ನಡೆಸಿ, ಸುತ್ತಲಿಂದ ಫೋಟೋ ತೆಗೆದರು. ನಳಿಕೆ ಕಟ್ಟುವುದಕ್ಕೇ ಹಲವು ಗಂಟೆ ಹಿಡಿಯಿತು. ನಡೆದದ್ದು ನಾಲ್ಕಾರು ಹೆಜ್ಜೆ. ಬ್ರೌನೆ ಮರುವರ್ಷವೇ ತೀರಿಕೊಂಡರು. ಆ ಹೆಜ್ಜೆಗಳ ಲೆಕ್ಕವನ್ನು ಫಿಷರ್ ಒಬ್ಬರೇ 1904ರವರೆಗೆ ಬಿಡಿಸುತ್ತ ಕುಳಿತರು. ಕಾಲು ಬರೀ ತೂಗಿ ಬರುವುದಿಲ್ಲ, ಸ್ನಾಯುಗಳು ಅದನ್ನು ತರುತ್ತವೆ ಎಂದು ಕೊನೆಗೆ ಸಾಬೀತಾಯಿತು. ಆ ತಾಳ್ಮೆಗೆ ನನ್ನ ನಮಸ್ಕಾರ.

ಸ್ನಾಯುಗಳಿಗೆ ಅಪ್ಪಣೆ ಕೊಡುವವರು ಯಾರು? ಬ್ರಿಟನ್ನಿನ ಥಾಮಸ್ ಗ್ರಹಾಂ ಬ್ರೌನ್ 1911ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಹೆಜ್ಜೆಯ ಲಯ ಬೆನ್ನುಹುರಿಯಲ್ಲೇ ಹುಟ್ಟಬಲ್ಲದು, ಮಿದುಳು ಪ್ರತಿ ಹೆಜ್ಜೆಯನ್ನೂ ಹೇಳಿಕೊಡಬೇಕಾಗಿಲ್ಲ ಎಂದು ತೋರಿಸಿದರು. ಅವರ ಮಾತಿಗೆ ಸಿಗಬೇಕಾದ ಮನ್ನಣೆ ಸಿಕ್ಕಿದ್ದು ಹಲವು ದಶಕಗಳ ನಂತರ.

ಇಡೀ ಕಥೆಯಲ್ಲಿ ನನಗೆ ಅತ್ಯಂತ ಹಿರಿಯರಾಗಿ ಕಾಣುವವರು ಮಾಸ್ಕೋದ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಕಾರ್ಮಿಕರ ಕೆಲಸವನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಅವರು ಸುತ್ತಿಗೆ ಬೀಸುವವರ ಚಲನೆಯನ್ನು ಅಳೆದರು. ಪಳಗಿದ ಕೆಲಸಗಾರನ ಸುತ್ತಿಗೆ ಪ್ರತಿ ಸಲವೂ ಬೀಳಬೇಕಾದಲ್ಲೇ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಓಟ ಒಂದು ಏಟಿನಿಂದ ಇನ್ನೊಂದಕ್ಕೆ ಬೇರೆಯಾಗಿರುತ್ತಿತ್ತು. ಆಮೇಲೆ ಅವರು ಮಕ್ಕಳ, ವಯಸ್ಕರ, ಮುದುಕರ ನಡಿಗೆಯನ್ನೂ ಹೀಗೇ ನೋಡಿದರು. ಅವರು ಕಂಡುಕೊಂಡದ್ದು ಇದು: ಅಭ್ಯಾಸವೆಂದರೆ ಒಂದೇ ಚಲನೆಯನ್ನು ಅಚ್ಚೊತ್ತುವುದಲ್ಲ. ಒಂದೇ ಸಮಸ್ಯೆಯನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುವುದು. 1947ರ ಅವರ ಗ್ರಂಥಕ್ಕೆ ಸ್ಟಾಲಿನ್ ಪ್ರಶಸ್ತಿ ಬಂತು. ಕೆಲವೇ ವರ್ಷಗಳಲ್ಲಿ, ಆಗ ಸೋವಿಯತ್ ಸರ್ಕಾರ ಎತ್ತಿಹಿಡಿದಿದ್ದ ಶರೀರಶಾಸ್ತ್ರಜ್ಞ ಪಾವ್ಲೊವ್ ಅವರ ಸಿದ್ಧಾಂತವನ್ನು ಒಪ್ಪದವರೆಂಬ ಆರೋಪದ ಮೇಲೆ ಅವರ ಪ್ರಯೋಗಶಾಲೆಯೇ ಕೈತಪ್ಪಿತು. ಅವರ ಬರಹಗಳ ಸಂಕಲನ ಇಂಗ್ಲಿಷಿಗೆ ಬಂದಿದ್ದು 1967ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ಆ ಪುಸ್ತಕ ಓದಿದವರಲ್ಲಿ ಅಮೆರಿಕದ ಎಸ್ತರ್ ಥೆಲೆನ್ ಒಬ್ಬರು. ಹುಟ್ಟಿದ ಕೂಸನ್ನು ಎತ್ತಿ ಪಾದ ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕಿದಂತೆ ಕಾಲಾಡಿಸುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಅದು ನಿಂತುಹೋಗುತ್ತದೆ. ಮಿದುಳು ಬೆಳೆದು ಅದನ್ನು ಅಡಗಿಸುತ್ತದೆ ಎಂದು ಪಠ್ಯಗಳು ಹೇಳುತ್ತಿದ್ದವು. ಥೆಲೆನ್ 1980ರ ದಶಕದಲ್ಲಿ ಅಂಥ ಮಕ್ಕಳ ಕಾಲನ್ನು ನೀರಿಗಿಳಿಸಿದರು. ಮಾಯವಾದ ಹೆಜ್ಜೆ ಮರಳಿ ಬಂತು! ಮಗುವಿನ ಕಾಲಿನ ಕೊಬ್ಬು ಸ್ನಾಯುಬಲಕ್ಕಿಂತ ಬೇಗ ಬೆಳೆದಿತ್ತು, ಕಾಲು ಎತ್ತಲಾಗದಷ್ಟು ಭಾರವಾಗಿತ್ತು, ಅಷ್ಟೇ. ಏಳು ತಿಂಗಳ ಮಕ್ಕಳನ್ನು ಕಂಕುಳಲ್ಲಿ ಹಿಡಿದು ನಿಧಾನವಾಗಿ ಚಲಿಸುವ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದಾಗ ಅವು ಒಂದಾದ ಮೇಲೊಂದು ಕಾಲು ಎತ್ತಿಟ್ಟವು.

ಇದರಿಂದ ಒಂದು ದೊಡ್ಡ ಉಪಕಾರವಾಯಿತು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಡೆಯಲು ತಡಮಾಡುತ್ತಾರೆ. ಥೆಲೆನ್ ಜೊತೆ ಕೆಲಸ ಮಾಡಿದ್ದ ಬೆವರ್ಲಿ ಉಲ್ರಿಕ್ ಮತ್ತು ಡೇಲ್ ಉಲ್ರಿಕ್ ಅವರ ತಂಡ ಇಂಥ ಮಕ್ಕಳ ಮನೆಗಳಿಗೆ ಪುಟ್ಟ ಟ್ರೆಡ್‌ಮಿಲ್ ಕೊಟ್ಟಿತು. ತಂದೆತಾಯಿಯರು ಮಗುವನ್ನು ಹಿಡಿದು ದಿನಕ್ಕೆ ಎಂಟು ನಿಮಿಷ, ವಾರಕ್ಕೆ ಐದು ದಿನ ಹೆಜ್ಜೆ ಹಾಕಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮಕ್ಕಳು ಈ ತರಬೇತಿ ಇಲ್ಲದ ಇಂಥದೇ ಮಕ್ಕಳಿಗಿಂತ ಸುಮಾರು ನೂರು ದಿನ ಮೊದಲೇ ಸ್ವಂತವಾಗಿ ನಡೆದರು. ಎಂಟು ನಿಮಿಷ ಎಂದರೆ ಎಷ್ಟು ಸಣ್ಣದು, ನೂರು ದಿನ ಎಂದರೆ ಆ ಮನೆಗೆ ಎಷ್ಟು ದೊಡ್ಡದು, ಯೋಚಿಸಿ.

ಸಾಮಾನ್ಯ ಮಕ್ಕಳೂ ಸುಲಭವಾಗಿ ಕಲಿಯುವುದಿಲ್ಲ. ನ್ಯೂಯಾರ್ಕಿನ ಕರೆನ್ ಅಡಾಲ್ಫ್ 2012ರಲ್ಲಿ ಎಣಿಸಿ ಹೇಳಿದರು: ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಗು ಆಟದ ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಎದ್ದು ಮತ್ತೆ ನಡೆಯುತ್ತದೆ.

ಇನ್ನು ಮರುಕಲಿಕೆಯ ಮಾತು. 1980ರ ದಶಕದಲ್ಲಿ ಮಾಂಟ್ರಿಯಲ್‌ನ ಬಾರ್ಬೊ ಮತ್ತು ರೊಸಿನ್ಯೊಲ್, ಬೆನ್ನುಹುರಿ ಕಡಿದುಹೋದ ಬೆಕ್ಕುಗಳಿಗೆ ಟ್ರೆಡ್‌ಮಿಲ್ ಮೇಲೆ ತರಬೇತಿ ಕೊಟ್ಟು, ಹಿಂಗಾಲುಗಳ ನಡಿಗೆ ಮರಳುವುದನ್ನು ತೋರಿಸಿದರು. ಲಾಸ್ ಏಂಜಲೀಸ್‌ನ ರೆಗ್ಗಿ ಎಡ್ಜರ್ಟನ್ ತಂಡ ಇಂಥದೇ ಬೆಕ್ಕುಗಳಲ್ಲಿ ಇನ್ನೊಂದನ್ನು ಕಂಡಿತು. ನಿಲ್ಲುವ ತರಬೇತಿ ಪಡೆದ ಬೆಕ್ಕು ಚೆನ್ನಾಗಿ ನಿಂತಿತು, ನಡೆಯಲು ತಡವರಿಸಿತು. ಬೆನ್ನುಹುರಿಯೂ ಯಾವುದನ್ನು ಮಾಡಿಸಿದರೆ ಅದನ್ನೇ ಕಲಿಯುತ್ತದೆ.

ಬಾಲ್ಟಿಮೋರ್‌ನ ಕೆನಡಿ ಕ್ರೀಗರ್ ಸಂಸ್ಥೆಯ ಏಮಿ ಬ್ಯಾಸ್ಟಿಯನ್ ಮನುಷ್ಯರ ಕಲಿಕೆಯನ್ನು ನೋಡಲು ಎರಡು ಪಟ್ಟಿಗಳ ಟ್ರೆಡ್‌ಮಿಲ್ ಬಳಸಿದರು. ಎಡಗಾಲಿನ ಕೆಳಗಿನ ಪಟ್ಟಿ ಒಂದು ವೇಗ, ಬಲಗಾಲಿನದು ಅದಕ್ಕಿಂತ ಹೆಚ್ಚು. ಅದರ ಮೇಲೆ ನಡೆಯುವವರು ಮೊದಲು ಕುಂಟುತ್ತಾರೆ, ಹತ್ತು ಹದಿನೈದು ನಿಮಿಷದಲ್ಲಿ ಹೆಜ್ಜೆ ಸಮವಾಗುತ್ತದೆ. ಆಮೇಲೆ ಎರಡೂ ಪಟ್ಟಿಯ ವೇಗ ಒಂದೇ ಮಾಡಿದರೆ ವಿರುದ್ಧ ದಿಕ್ಕಿಗೆ ಕುಂಟುತ್ತಾರೆ. ದೇಹ ಹೊಸ ಪಾಠವನ್ನು ನಿಜವಾಗಿ ಕಲಿತಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಕಿರುಮೆದುಳಿಗೆ ಪೆಟ್ಟಾದವರು ಇದನ್ನು ಸರಿಯಾಗಿ ಕಲಿಯಲಾರರು. ಪಾರ್ಶ್ವವಾಯುವಿನಿಂದ ಮುಮ್ಮೆದುಳಿಗೆ ಪೆಟ್ಟಾದವರು ಕಲಿಯಬಲ್ಲರು. ಬ್ಯಾಸ್ಟಿಯನ್ ಅವರು ಡಾರ್ಸಿ ರೀಸ್ಮನ್ ಜೊತೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ರೋಗಿಗಳ ಕುಂಟನ್ನು ಪಟ್ಟಿಯಿಂದ ಬೇಕೆಂದೇ ಹೆಚ್ಚಿಸಿದಾಗ, ಯಂತ್ರದ ವೇಗ ಸಮವಾದ ಮೇಲೆ ಹೆಜ್ಜೆ ಸ್ವಲ್ಪ ಹೊತ್ತು ನೇರವಾಯಿತು. ಮುಂದೆ ನಾಲ್ಕು ವಾರ ಹೀಗೆ ತರಬೇತಿ ಕೊಟ್ಟಾಗ ಆ ಸುಧಾರಣೆ ತಿಂಗಳುಗಟ್ಟಲೆ ಉಳಿದದ್ದೂ ಕಂಡುಬಂತು.

ಹಾಗಾದರೆ ದುಬಾರಿ ಯಂತ್ರವೇ ಬೇಕೆ? ಬೇಕಿಲ್ಲ ಎಂಬುದೇ ಈ ಇತಿಹಾಸದ ಅತ್ಯಂತ ಉಪಯುಕ್ತ ಉತ್ತರ. ಅಮೆರಿಕದಲ್ಲಿ ಪಮೇಲಾ ಡಂಕನ್ ನೇತೃತ್ವದಲ್ಲಿ ಪಾರ್ಶ್ವವಾಯುವಾದ 408 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ಎರಡು ತಿಂಗಳಾದ ಮೇಲೆ, ಕೆಲವರಿಗೆ ಆರು ತಿಂಗಳಾದ ಮೇಲೆ, ದೇಹದ ಭಾರವನ್ನು ಮೈಗೆ ಕಟ್ಟಿದ ಪಟ್ಟಿಯಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ತರಬೇತಿ. ಇನ್ನು ಕೆಲವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ಕೊನೆಯಲ್ಲಿ ಒಟ್ಟು ಶೇಕಡಾ 52ರಷ್ಟು ಜನರ ನಡಿಗೆ ಸುಧಾರಿಸಿತ್ತು, ಗುಂಪುಗಳ ನಡುವೆ ಅಂತರವಿರಲಿಲ್ಲ. ತಡವಾಗಿ ಶುರುಮಾಡಿದವರೂ ಹಿಂದೆ ಬೀಳಲಿಲ್ಲ.

ಆದ್ದರಿಂದ ಕೇಳುಗರೇ, ನಿಮ್ಮ ಮನೆಯಲ್ಲಿ ಲಕ್ವ ಹೊಡೆದವರಿದ್ದರೆ, ಆರು ತಿಂಗಳು ಕಳೆಯಿತು, ಇನ್ನು ಇಷ್ಟೇ ಎಂದು ಅವರನ್ನು ಹಾಸಿಗೆಗೆ ಬಿಡಬೇಡಿ. ವೈದ್ಯರ ಸಲಹೆ ಪಡೆಯಿರಿ, ಹತ್ತಿರದ ಫಿಸಿಯೋಥೆರಪಿಸ್ಟರಿಂದ ವ್ಯಾಯಾಮಗಳನ್ನು ಕಲಿತುಕೊಳ್ಳಿ, ಬೀಳದಂತೆ ಪಕ್ಕದಲ್ಲಿ ನಿಂತು ದಿನವೂ ನಡೆಸಿ.