ಬಾರದ ಹಡಗು

ಪರದೇಶದ ಬಂದರಿನಲ್ಲಿ, ಇಂದು ಬಂದೀತು ನಾಳೆ ಬಂದೀತು ಎಂದು ಕಾದ ಹಡಗು ಬಾರದೆ, ಕಟ್ಟಿದ ಪೆಟ್ಟಿಗೆಗಳು ಕಟ್ಟಿದಂತೆಯೇ ಉಳಿದು, ಕೈಯಲ್ಲಿದ್ದ ಹಣ ಕರಗುತ್ತ ಬಂದು, ಮುಂದಕ್ಕೆ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಮರಳಲು ಮನಸ್ಸೂ ಒಪ್ಪದೆ ನಿಂತವನ ಅವಸ್ಥೆ ಏನೆಂಬುದನ್ನು ಅನುಭವಿಸಿದವರೇ ಬಲ್ಲರು. 1798ರ ಕೊನೆಯ ತಿಂಗಳುಗಳಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಂಥ ಸಂಕಟಕ್ಕೆ ಸಿಕ್ಕಿಕೊಂಡವನು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಎಂಬ 29 ವರ್ಷದ ಜರ್ಮನ್ ವಿದ್ವಾಂಸ. ಗಣಿ ಇಲಾಖೆಯ ಒಳ್ಳೆಯ ಅಧಿಕಾರವನ್ನು ತ್ಯಜಿಸಿ, ತಾಯಿಯಿಂದ ಬಂದ ಆಸ್ತಿಯನ್ನು ದೇಶಾಟನೆಗೆ ಮುಡಿಪಾಗಿಟ್ಟು, ಎತ್ತರವನ್ನು, ಶಾಖವನ್ನು, ನಕ್ಷತ್ರಗಳ ಸ್ಥಾನವನ್ನು ಅಳೆಯುವ ಉಪಕರಣಗಳನ್ನು ಜತೆಗಿರಿಸಿಕೊಂಡು, ಬೋಂಪ್ಲಾನ್ ಎಂಬ ಸಸ್ಯಶಾಸ್ತ್ರಜ್ಞ ಗೆಳೆಯನೊಡನೆ ಆತ ಹೊರಟು ನಿಂತಿದ್ದ. ಎಲ್ಲವೂ ಸಿದ್ಧವಾಗಿತ್ತು, ಹಡಗೊಂದನ್ನು ಬಿಟ್ಟು.

ಅದಕ್ಕೆ ಮೊದಲೇ ಆತನ ಎರಡು ಯೋಜನೆಗಳು ಮುರಿದುಬಿದ್ದಿದ್ದುವು. ಈಜಿಪ್ಟಿಗೆ ಕರೆದೊಯ್ಯುವೆನೆಂದಿದ್ದ ಇಂಗ್ಲಿಷ್ ಪ್ರಭು ಇಟಲಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಬಂದಿಯಾದ. ಕ್ಯಾಪ್ಟನ್ ಬೋದಾನನ ನೇತೃತ್ವದ ಸಮುದ್ರಯಾನದಲ್ಲಿ ಪಾಲುಗೊಳ್ಳಬೇಕೆಂದರೆ, ಯುದ್ಧದ ದೆಸೆಯಿಂದ ಅದೂ ಮುಂದಕ್ಕೆ ಹೋಯಿತು. ಈಗ ಆಲ್ಜೀರ್ಸಿಗೆ ಒಯ್ಯಬೇಕಾಗಿದ್ದ ಸ್ವೀಡನ್ನಿನ ಹಡಗಿಗಾಗಿ ಗೆಳೆಯರಿಬ್ಬರೂ ಎರಡು ತಿಂಗಳು, ಊರಿನ ಗುಡ್ಡವನ್ನೇರಿ ಕಡಲನ್ನು ನಿಟ್ಟಿಸುತ್ತ ಕಾದರು. ಪೋರ್ಚುಗಲ್ಲಿನ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಅದು ಜರ್ಝರಿತವಾಯಿತೆಂಬ ವಾರ್ತೆ ಕೊನೆಗೆ ಬಂದಿತು. ಟ್ಯೂನಿಸಿಗೆ ಹೊರಟಿದ್ದ ಸಣ್ಣ ಹಡಗೊಂದನ್ನು ಗೊತ್ತುಮಾಡಿದರೆ, ಅದರ ಕೋಣೆಯ ತುಂಬ ಸಾಕುಪ್ರಾಣಿಗಳು. ಅವುಗಳನ್ನು ತೆರವು ಮಾಡಿಸಿ ಉಪಕರಣಗಳಿಗೆ ಸ್ಥಳ ಮಾಡಿಸುವಷ್ಟರಲ್ಲಿ, ಫ್ರಾನ್ಸಿನಿಂದ ಬಂದಿಳಿದವರನ್ನು ಅಲ್ಲಿ ಸೆರೆಮನೆಗೆ ನೂಕುತ್ತಿದ್ದಾರೆಂಬ ಸುದ್ದಿ ಮುಟ್ಟಿತು. ಆ ಪ್ರಾಣಿಗಳಿಗೆ ಆತ ಋಣಿಯಾಗಿರಬೇಕು.

ಆಮೇಲೆ ಆತ ಮಾಡಿದ ಕೆಲಸವನ್ನು ಶ್ರೋತೃಗಳು ಸ್ವಲ್ಪ ಗಮನಿಸಬೇಕೆಂದು ನನ್ನ ಕೋರಿಕೆ. ಆಫ್ರಿಕೆಗೆ ಹೋಗಲಾಗಲಿಲ್ಲವೆಂದು ಉಪಕರಣಗಳನ್ನು ಪೆಟ್ಟಿಗೆಯಲ್ಲೇ ಬಿಡಲಿಲ್ಲ. ಸ್ಪೇನಿನತ್ತ ತಿರುಗಿ, ದಾರಿಯನ್ನು ಬಹುಮಟ್ಟಿಗೆ ನಡೆದೇ ಸಾಗಿಸಿ, ತಂಗಿದ ಎಡೆಗಳಲ್ಲೆಲ್ಲ ನೆಲದ ಎತ್ತರವನ್ನು ಅಳೆಯುತ್ತ ಹೋದ. ಸ್ಪೇನಿನ ಒಳನಾಡು ಒಂದು ವಿಶಾಲವಾದ ಪ್ರಸ್ಥಭೂಮಿಯೆಂಬುದು ಆ ಅಳತೆಗಳಿಂದಲೇ ಸ್ಪಷ್ಟವಾಯಿತು. ಯಾರೂ ಕೇಳದಿದ್ದ, ಯಾವ ಯೋಜನೆಯಲ್ಲೂ ಇಲ್ಲದಿದ್ದ ಕೆಲಸ ಅದು. ಮ್ಯಾಡ್ರಿಡ್ಡಿನಲ್ಲಿ ಅದೃಷ್ಟ ಒಲಿಯಿತು. ಅಮೆರಿಕದ ತನ್ನ ವಸಾಹತುಗಳೊಳಕ್ಕೆ ಪರಕೀಯರನ್ನು ಸುಲಭವಾಗಿ ಬಿಡದಿದ್ದ ಸ್ಪೇನಿನ ಅರಸನಿಂದ ರಹದಾರಿ ದೊರೆಯಿತು. 1799ರ ಜೂನ್ 5ರಂದು ಅವರು ಹತ್ತಿ ಹೊರಟ ಹಡಗು ಕ್ಯೂಬಾಕ್ಕೆ ಹೋಗಬೇಕಾಗಿತ್ತು. ನಡುಗಡಲಿನಲ್ಲಿ ವಿಷಮಶೀತಜ್ವರ ಹಬ್ಬಿದ್ದರಿಂದ, ಜುಲೈ 16ರಂದು, ದಕ್ಷಿಣ ಅಮೆರಿಕದ ಕುಮಾನಾ ಎಂಬಲ್ಲಿ ಗೆಳೆಯರು ಇಳಿದುಬಿಟ್ಟರು. ಒರಿನೋಕೊ ನದಿಯ ಪಾತ್ರವನ್ನು ಹಿಡಿದು, ಅದಕ್ಕೂ ಅಮೆಜಾನಿನ ನೀರಿಗೂ ಸಹಜವಾದ ಕಾಲುವೆಯೊಂದರ ಸಂಬಂಧವಿರುವುದನ್ನು ಕಣ್ಣಾರೆ ಕಂಡು ದೃಢಪಡಿಸಿದ, ಜಗತ್ಪ್ರಸಿದ್ಧವಾದ ಆ ಯಾತ್ರೆಗೆ ನಾಂದಿಯಾದುದು ಹಡಗಿನ ರೋಗ.

ಇಲ್ಲಿಗೆ ಬಂದಾಗ ನಮ್ಮ ಹಿರಿಯರು ‘ಎಲ್ಲ ಒಳ್ಳೆಯದಕ್ಕೇ ಆಯಿತು’ ಎಂದು ತಲೆಯಾಡಿಸುತ್ತಾರೆ. ನನಗೆ ಆ ಮಾತಿನಲ್ಲಿ ಪೂರ್ಣ ನಂಬಿಕೆಯಿಲ್ಲ. ಮಾರ್ಸೇಲ್ಸಿನಲ್ಲಿ ಆ ಚಳಿಗಾಲದಲ್ಲಿ ಹಡಗಿಗಾಗಿ ಕಾದವರು ಇನ್ನೂ ಅನೇಕರಿದ್ದಿರಬೇಕು. ಅವರಲ್ಲಿ ಯಾರಿಗೂ ಒರಿನೋಕೊ ದೊರೆಯಲಿಲ್ಲ. ವಿಘ್ನವು ತಾನಾಗಿ ಯಾರಿಗೂ ವರ ಕೊಡುವುದಿಲ್ಲ. ಹೋದ ಕಡೆಯಲ್ಲಿ ನೋಡಬೇಕಾದುದನ್ನು ನೋಡಬಲ್ಲ ಕಣ್ಣನ್ನು ಮೊದಲೇ ಪಳಗಿಸಿಟ್ಟುಕೊಂಡವನಿಗೆ ಇಳಿದ ಊರು ಯಾವುದಾದರೇನು? ವಿಮಾನ ರದ್ದಾಯಿತೆಂದು ಕಿಟಕಿಯ ಬಳಿಯ ಗುಮಾಸ್ತನೊಡನೆ ಜಗಳಕ್ಕೆ ನಿಲ್ಲುವ ಇಂದಿನ ಪ್ರಯಾಣಿಕನನ್ನು ನಾನು ಹಳಿಯುತ್ತಿಲ್ಲ, ಆತನ ಹಣ ಆತನಿಗೆ ಬರಬೇಕಾದುದೇ. ಆದರೆ ಜಗಳ ಮುಗಿದಮೇಲೂ ಮಿಗುವ ಹೊತ್ತನ್ನು ಏನು ಮಾಡುತ್ತಾನೆಂಬುದೇ ನನ್ನ ಕುತೂಹಲ.

ಮುಂದೆ 1801ರಲ್ಲಿ ಹಂಬೋಲ್ಟ್ ಕ್ಯೂಬಾದಲ್ಲಿದ್ದಾಗ, ಬೋದಾನ್ ಕೊನೆಗೂ ಹೊರಟನೆಂದೂ, ದಕ್ಷಿಣ ಅಮೆರಿಕವನ್ನು ಸುತ್ತಿ ಪೆರುವಿನ ತೀರಕ್ಕೆ ಬರುವನೆಂದೂ ಪತ್ರಿಕೆಗಳಲ್ಲಿ ಓದಿದ. ಆತನನ್ನು ಕೂಡಿಕೊಳ್ಳಲೆಂದು ಮೆಕ್ಸಿಕೊ ಯೋಜನೆಯನ್ನು ಬದಿಗಿರಿಸಿ, ಮಗ್ದಲೇನ ನದಿಯ ಪ್ರವಾಹಕ್ಕೆದುರಾಗಿ ಸಾಗಿ, ಬೊಗೊಟಾವನ್ನು ಹಾಯ್ದು, ಆಂಡೀಸ್ ಪರ್ವತಗಳ ದುರ್ಗಮವಾದ ಹಾದಿಯನ್ನು ತುಳಿದು 1802ರಲ್ಲಿ ಕ್ವಿಟೊ ನಗರವನ್ನು ಸೇರಿದರೆ, ಬೋದಾನ್ ಆಫ್ರಿಕದ ತುದಿಯ ಮಾರ್ಗವಾಗಿ ಆಸ್ಟ್ರೇಲಿಯದ ಕಡೆಗೆ ಹೋಗಿಯಾಗಿತ್ತು! ಸುಳ್ಳು ಸುದ್ದಿಯ ಬೆನ್ನು ಹತ್ತಿ ನಡೆದ ಆ ದೂರವನ್ನು ನೆನೆದು ಬೇರೊಬ್ಬನಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದ. ಈತ ಸುತ್ತಮುತ್ತಲಿನ ಜ್ವಾಲಾಮುಖಿಗಳನ್ನು ಒಂದೊಂದಾಗಿ ಏರತೊಡಗಿದ. ಜೂನ್ 23ರಂದು, ಲೋಕದಲ್ಲೇ ಅತ್ಯುನ್ನತವೆಂದು ಆಗ ಎಣಿಸಲಾಗಿದ್ದ ಚಿಂಬೊರಾಜೊ ಪರ್ವತದ ಮೇಲೆ, ತನ್ನ ಅಳತೆಯಂತೆ 5,800 ಮೀಟರಿಗೂ ಮೀರಿದ ಎತ್ತರವನ್ನು ಮುಟ್ಟಿ, ದಾಟಲಾಗದ ಕಂದಕವೊಂದು ಎದುರಾದುದರಿಂದ ಹಿಂದಿರುಗಿದ. ಯಾವ ಎತ್ತರದಲ್ಲಿ ಯಾವ ಸಸ್ಯ ಬೆಳೆಯುತ್ತದೆಂಬುದನ್ನು ಪರ್ವತದ ಒಂದೇ ಚಿತ್ರದಲ್ಲಿ ತೋರಿಸಿದ ಆತನ ಪ್ರಸಿದ್ಧ ಪಟಕ್ಕೆ ಆಧಾರವಾದುದು ಈ ಪರ್ವತವೇ. ಅದೇ ವರ್ಷ ನವೆಂಬರ್ 9ರಂದು ಪೆರುವಿನ ಕಯಾವೊ ಬಂದರಿನಲ್ಲಿ, ಸೂರ್ಯಬಿಂಬವನ್ನು ಬುಧಗ್ರಹ ಹಾದುಹೋಗುವುದನ್ನೂ ನೋಡಿ ಗುರುತುಹಾಕಿಕೊಂಡ. ಬೋದಾನ್ ಬರಬೇಕಾಗಿದ್ದ ಕರಾವಳಿ ಅದು.

ಹಂಬೋಲ್ಟನ ಪ್ರವಾಸಗ್ರಂಥವನ್ನೋದಿ ಹುಚ್ಚು ಹಿಡಿಸಿಕೊಂಡವನೊಬ್ಬ ತರುಣ ಇಂಗ್ಲೆಂಡಿನಲ್ಲಿದ್ದ. ಹಂಬೋಲ್ಟ್ ಏರಿದ್ದ ಟೆನೆರಿಫ್ ದ್ವೀಪದ ಶಿಖರವನ್ನು ತಾನೂ ಏರಬೇಕೆಂದು ಸ್ಪ್ಯಾನಿಷ್ ಕಲಿಯಲು ಕೂಡ ಹೊರಟಿದ್ದ. 1832ರ ಜನವರಿಯಲ್ಲಿ ಬೀಗಲ್ ಹಡಗು ಆತನನ್ನು ಆ ದ್ವೀಪದ ಎದುರಿಗೇ ತಂದು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಕಾಲರಾ ಇದೆಯೆಂಬ ಕಾರಣದಿಂದ, 12 ದಿನ ಪ್ರತ್ಯೇಕವಾಗಿದ್ದ ಹೊರತು ಇಳಿಯಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ಕಾಯಲೊಲ್ಲದ ಕ್ಯಾಪ್ಟನ್ ಹಡಗನ್ನು ತಿರುಗಿಸಿಬಿಟ್ಟ. ತರುಣ ಚಾರ್ಲ್ಸ್ ಡಾರ್ವಿನ್ ಆ ಶಿಖರವನ್ನು ದೂರದಿಂದ ಕಂಡುದಷ್ಟೇ ಬಂದಿತು. ಕೆಲವು ದಿನಗಳಲ್ಲಿ ಕೇಪ್ ವರ್ಡಿ ದ್ವೀಪಗಳ ಒಣ ನೆಲದಲ್ಲಿ ಕಾಲಿರಿಸಿ, ಸಮುದ್ರಮಟ್ಟಕ್ಕಿಂತ ಮೇಲೆ ಬಂಡೆಯ ನಡುವೆ ಚಿಪ್ಪುಗಳು ತುಂಬಿದ ಬಿಳಿಯ ಪಟ್ಟೆಯೊಂದನ್ನು ನೋಡುತ್ತಿದ್ದಾಗ, ತಾನೊಂದು ಭೂವಿಜ್ಞಾನದ ಗ್ರಂಥವನ್ನು ಬರೆಯಬಹುದೆಂಬ ಭಾವನೆ ಆತನಿಗೆ ಮೊದಲ ಬಾರಿ ಹೊಳೆಯಿತು.

ಇನ್ನು ಹಂಬೋಲ್ಟನ ಬಾಳಿನ ಎಲ್ಲಕ್ಕಿಂತ ದೊಡ್ಡ ಭಂಗ ನಮ್ಮ ದೇಶಕ್ಕೆ ಸಂಬಂಧಿಸಿದುದು. ಆಂಡೀಸನ್ನು ಕಂಡು ಬಂದಮೇಲೆ ಹಿಮಾಲಯವನ್ನು ಕಂಡು ಎರಡನ್ನೂ ಹೋಲಿಸಬೇಕೆಂಬುದು ಆತನ ಹಂಬಲ. ಪ್ರಷ್ಯದ ಅರಸ ಹಣಕ್ಕೆ ಒಪ್ಪಿದ. ಈಸ್ಟ್ ಇಂಡಿಯಾ ಕಂಪನಿ ಮಾತ್ರ ಒಪ್ಪಿಗೆ ಕೊಡಲೇ ಇಲ್ಲ. ವಸಾಹತುಗಳ ಆಳ್ವಿಕೆಯನ್ನೂ ಗುಲಾಮಗಿರಿಯನ್ನೂ ನಿಷ್ಠುರವಾಗಿ ಖಂಡಿಸಿ ಬರೆದ ಲೇಖನಿ ಗಂಗಾತೀರಕ್ಕೆ ಬರುವುದು ಅವರಿಗೆ ಹಿತವಾಗಿರಲಾರದು. 1829ರಲ್ಲಿ, 60ನೆಯ ಹುಟ್ಟುಹಬ್ಬವೂ ಸಮೀಪಿಸಿದ್ದಾಗ, ರಷ್ಯದ ಚಕ್ರವರ್ತಿಯ ಕರೆಯಂತೆ ಆತ ಉರಲ್ ಗಣಿಗಳನ್ನೂ ಆಲ್ಟಾಯ್ ಪರ್ವತಗಳನ್ನೂ ನೋಡಿ ಚೀನದ ಗಡಿಯವರೆಗೂ ಹೋಗಿಬಂದ. ಶ್ರಮಕ್ಕೆ ತಕ್ಕ ಫಲವೇನೋ ಬಂದಿತು. ಆದರೆ ಆಲ್ಟಾಯ್ ಹಿಮಾಲಯವಲ್ಲ, ಅದು ಆತನಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಕೆಲವು ನಷ್ಟಗಳಿಗೆ ಪರ್ಯಾಯ ದೊರೆಯುವುದಿಲ್ಲ, ದೊರೆತಂತೆ ನಟಿಸುವುದೂ ಬೇಕಿಲ್ಲ.

ಆತ ಮಾಡಿದುದು ಬೇರೆ. 1854ರಲ್ಲಿ ಶ್ಲಾಗಿನ್‌ಟ್ವೈಟ್ ಎಂಬ ಮೂವರು ಜರ್ಮನ್ ಸೋದರರು ಭಾರತಕ್ಕೆ ಬಂದು, ಮುಂಬಯಿಯಿಂದ ದಖ್ಖನ್ನನ್ನು ದಾಟಿ ಮದರಾಸಿಗೆ ಹೋಗಿ, ತರುವಾಯ ಹಿಮಾಲಯವನ್ನೇರಿ ಅದರಾಚೆಗೂ ಸಂಚರಿಸಿದರು. ಅವರನ್ನು ನೇಮಿಸಿ ಕಳುಹಿಸಿದುದು ಅದೇ ಕಂಪನಿ. ಅವರ ಪರವಾಗಿ ಶಿಫಾರಸು ಮಾಡಿದವನು, ಆ ಹೊತ್ತಿಗೆ 85 ವರ್ಷದ ವೃದ್ಧನಾಗಿದ್ದ ಹಂಬೋಲ್ಟ್. ಅವರಿಗೆ ವಹಿಸಿದ್ದ ಕಾರ್ಯ ಭೂಮಿಯ ಕಾಂತಶಕ್ತಿಯ ಅಳತೆ. ಅದನ್ನು ದೇಶದೇಶಗಳಲ್ಲಿ ನಡೆಸಿರೆಂದು ದಶಕಗಳ ಕಾಲ ಸರಕಾರಗಳ ಬೆನ್ನು ಹತ್ತಿದ್ದವನೂ ಆತನೇ.