ಚೆನ್ನೈಗೆ ಬರುವ ನೆಂಟರೂ ಕಡಲಾಮೆಗಳೂ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತಿಗಳೂ ಸಂಗೀತ ವಿದ್ವಾಂಸರೂ ಮಾತನಾಡಿದ್ದನ್ನು ಕೇಳಿದ್ದೇನೆ. ನಾನಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಮಾಡುವವನು. ಕೂಡುವುದು, ಕಳೆಯುವುದು, ತಾಳೆ ನೋಡುವುದು, ಇಷ್ಟೇ ನನ್ನ ವಿದ್ಯೆ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. "ನಿಮ್ಮ ಆಮೆಯ ಕಥೆಯನ್ನೇ ಹೇಳಿ ಸ್ವಾಮಿ" ಎಂದರು. ಆದ್ದರಿಂದ ಊರಿನಿಂದ ಬಂದ ನೆಂಟರಿಗೆ ಚೆನ್ನೈ ತೋರಿಸುವಾಗ ಕಡಲಾಮೆಯನ್ನೂ ತೋರಿಸುವುದು ಹೇಗೆ ಎಂಬ ಬಗ್ಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳೆಲ್ಲ ಅರ್ಧ ಛತ್ರಗಳೇ ಎಂಬುದು ತಮಗೆ ಗೊತ್ತು. ಒಬ್ಬರು ವೈದ್ಯರನ್ನು ಕಾಣಲು ಬರುತ್ತಾರೆ, ಇನ್ನೊಬ್ಬರು ಮದುವೆಯ ಸೀರೆ ಕೊಳ್ಳಲು, ಮತ್ತೊಬ್ಬರು ಸಮುದ್ರ ನೋಡಲೆಂದೇ ಬರುತ್ತಾರೆ. 2024ರ ಫೆಬ್ರವರಿಯಲ್ಲಿ ಅರಸೀಕೆರೆಯಿಂದ ನನ್ನ ಅಮ್ಮ, ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ಬಂದರು. ಜನವರಿಯಿಂದ ಮಾರ್ಚಿಯವರೆಗೆ ನಮ್ಮ ಕಡಲ ದಡಕ್ಕೆ ಆಲಿವ್ ರಿಡ್ಲೆ ಎಂಬ ಜಾತಿಯ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ವಿದ್ಯಾರ್ಥಿಗಳೇ ಸೇರಿ 1988ರಲ್ಲಿ ಕಟ್ಟಿದ ಕಡಲಾಮೆ ಸಂರಕ್ಷಣಾ ಜಾಲವೊಂದು ಇಲ್ಲಿದೆ. ಆ ಸ್ವಯಂಸೇವಕರು ಈ ತಿಂಗಳುಗಳಲ್ಲಿ ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ, ಸುಮಾರು 7 ಕಿಲೋಮೀಟರು ದಡವನ್ನು ರಾತ್ರಿಯೆಲ್ಲ ನಡೆದು ಗೂಡುಗಳನ್ನು ಹುಡುಕುತ್ತಾರೆ. ವಾರಾಂತ್ಯಗಳಲ್ಲಿ ಆಸಕ್ತ ಸಾರ್ವಜನಿಕರನ್ನೂ ಜೊತೆಗೆ ಕರೆದೊಯ್ಯುತ್ತಾರೆ. ನೆಂಟರಿಗೆ ಇದಕ್ಕಿಂತ ದೊಡ್ಡ ಉಪಚಾರ ಉಂಟೇ ಎಂದು ನಾನು ಹಿಗ್ಗಿದೆ.

ಹಿಗ್ಗಿದವನು ಮಾಡಿದ್ದೇನು? ಲೆಕ್ಕದ ಹಾಳೆಯಲ್ಲಿ ಗೆರೆ ಎಳೆದು ಶನಿವಾರದ ಕಾರ್ಯಕ್ರಮ ಬರೆದೆ. ಬೆಳಿಗ್ಗೆ 6ಕ್ಕೆ ಮೈಲಾಪುರದ ಕಪಾಲೀಶ್ವರ, ಆಮೇಲೆ ಸಾಂತೋಮ್ ಇಗರ್ಜಿ, 10ಕ್ಕೆ ಎಗ್ಮೂರಿನ ವಸ್ತು ಸಂಗ್ರಹಾಲಯ, ಊಟ, ಗಿಂಡಿಯ ಹಾವಿನ ಉದ್ಯಾನ, 4ಕ್ಕೆ ಪಾಂಡಿ ಬಜಾರು, ಸಂಜೆ ಮರೀನಾ, ರಾತ್ರಿ 11ಕ್ಕೆ ಆಮೆ. ಒಂದು ನಿಮಿಷವೂ ಪೋಲಾಗದಂತೆ ಜಮೆ ಖರ್ಚು ಸರಿಹೊಂದಿಸಿದ್ದೆ.

ಅಮ್ಮ ಮಾತ್ರ ಊಟವಾದೊಡನೆ, "ನಾನು ಅಂಗಡಿ ನೋಡೋಕೆ ಬಂದಿಲ್ಲ ಕಣೋ, ಮನೇಲಿ ಮಲಗಿರ್ತೀನಿ" ಎಂದು ಹಿಂತಿರುಗಿದರು. ನಾವು ಉಳಿದವರು ಹಾಳೆಯಂತೆ ನಡೆದೆವು. ರಾತ್ರಿ ನೀಲಾಂಗರೈ ಮುಟ್ಟುವ ಹೊತ್ತಿಗೆ ಭಾವನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು, ಚಿಕ್ಕ ಹುಡುಗ ಅಕ್ಕನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮೂವರೂ ಆಟೋ ಹತ್ತಿ ಮನೆಗೆ ಮರಳಿದರು. ಮರಳಿನಲ್ಲಿ ನಡೆದವರು ಅಮ್ಮ, ದೊಡ್ಡ ಹುಡುಗಿ ಮತ್ತು ನಾನು. ಅರವತ್ತೈದು ದಾಟಿದ ಅಮ್ಮ ಮಧ್ಯಾಹ್ನದ ನಿದ್ದೆಯ ಬಲದಿಂದ ಎಲ್ಲರಿಗಿಂತ ಮುಂದೆ!

ಎರಡು ಗಂಟೆಯ ಸುಮಾರಿಗೆ ನೊರೆಯಂಚಿನಿಂದ ಕಪ್ಪನೆಯ ದೊಡ್ಡ ಆಕೃತಿಯೊಂದು ಮೇಲೇರಿತು. ಸ್ವಯಂಸೇವಕರು ಕೈಯೆತ್ತಿ ನಮ್ಮನ್ನು ನಿಲ್ಲಿಸಿದರು. ಬೆಳಕು ಕೂಡದೆಂದು ಮೊದಲೇ ಹೇಳಿದ್ದರು. ಆದರೆ ಇಷ್ಟು ಖರ್ಚು ಮಾಡಿ ಒಂದು ಚಿತ್ರವೂ ಇಲ್ಲದಿದ್ದರೆ ಹೇಗೆ ಎಂಬ ಆಸೆಗೆ ಬಿದ್ದು ನಾನು ಮೊಬೈಲು ತೆಗೆದೆ. ಬೆಳಕು ಫಕ್ಕನೆ ಹೊಳೆಯಿತು. ಆಮೆ ನಿಂತಿತು. ಹಾಗೆಯೇ ತಿರುಗಿ, ಬಂದ ದಾರಿಯಲ್ಲೇ ನೀರಿಗಿಳಿಯಿತು.

ಯಾರೂ ನನ್ನನ್ನು ಬಯ್ಯಲಿಲ್ಲ. ಬೈದವರು ಅಮ್ಮ ಒಬ್ಬರೇ, ಅದೂ ಮೆಲ್ಲಗೆ: "ಹೆರಿಗೆಗೆ ತವರಿಗೆ ಬಂದವಳ ಮುಖಕ್ಕೆ ದೀಪ ಹಿಡೀತಾರೇನೋ?"

ಅಮ್ಮ ಪುಸ್ತಕ ಓದಿ ಹೇಳಿದ ಮಾತಲ್ಲ. ಆಮೇಲೆ ನಾನು ಓದಿದಾಗ ಅದು ನಿಜವೆಂದು ತಿಳಿಯಿತು. ಹೆಣ್ಣಾಮೆ ಬೆಳೆದು ದೊಡ್ಡದಾದ ಮೇಲೆ ತಾನು ಹುಟ್ಟಿದ ಕಡಲ ಭಾಗವನ್ನೇ ಹುಡುಕಿಕೊಂಡು ಮೊಟ್ಟೆಯಿಡಲು ಬರುತ್ತದೆ. ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ ಕುಳಿ ತೋಡಿ, ನೂರು ನೂರಿಪ್ಪತ್ತು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಹೋಗುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಕಾವು ಕೊಡುವುದು ಬಿಸಿಲಿಗೆ ಕಾದ ಮರಳು. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಮರಿಗಳು ಬೆಳಕು ಹೆಚ್ಚಿದ್ದ ಕಡೆಗೆ ಓಡುತ್ತವೆ. ಹಿಂದಿನ ಕಾಲದಲ್ಲಿ ಆ ಬೆಳಕು ನಕ್ಷತ್ರಗಳನ್ನು ಹೊಳೆಯಿಸುವ ಕಡಲಿನದು. ಈಗ ಅದು ನಮ್ಮ ಬೀದಿ ದೀಪಗಳದು, ಕಡಲ ಕಡೆಗೆ ಮುಖ ಮಾಡಿದ ನಮ್ಮ ಮಹಡಿಗಳದು. ದಾರಿ ತಪ್ಪಿದ ಮರಿ ರಸ್ತೆಗೆ ಬರುತ್ತದೆ, ನಾಯಿ ಕಾಗೆಗಳ ಪಾಲಾಗುತ್ತದೆ. ಅದಕ್ಕಾಗಿಯೇ ಸ್ವಯಂಸೇವಕರು ಮೊಟ್ಟೆಗಳನ್ನು ಬೆಸೆಂಟ್ ನಗರದ ದಡದಲ್ಲಿ ಬೇಲಿ ಕಟ್ಟಿದ ಆವರಣಕ್ಕೆ ಸಾಗಿಸಿ ಕಾಯುತ್ತಾರೆ. ಇಷ್ಟಾದರೂ ಸಾವಿರ ಮರಿಗಳಲ್ಲಿ ಒಂದು ಬೆಳೆದು ದೊಡ್ಡದಾದರೆ ಅದೃಷ್ಟ ಎನ್ನುತ್ತಾರೆ ಬಲ್ಲವರು. ಸಾವಿರ ರೂಪಾಯಿ ಠೇವಣಿಗೆ ಒಂದು ರೂಪಾಯಿ ಹಿಂತಿರುಗುವ ಖಾತೆ ಅದು. ಅಂಥ ಖಾತೆಯ ಒಂದು ಠೇವಣಿಯನ್ನು ಆ ರಾತ್ರಿ ನಾನು ತಡೆದಿದ್ದೆ.

ಮುಂದಿನ ವರ್ಷ ಹಾಳೆಯನ್ನು ಬೇರೆ ರೀತಿ ಬರೆದೆ. ತಮಗೂ ಉಪಯೋಗವಾದೀತೆಂದು ಅದನ್ನು ಓದಿ ಹೇಳುತ್ತೇನೆ. ಮೊದಲು ಆಮೆಯ ರಾತ್ರಿಯನ್ನು ಗೊತ್ತುಮಾಡಿಕೊಂಡು, ಉಳಿದುದನ್ನೆಲ್ಲ ಅದರ ಸುತ್ತ ಕಟ್ಟಬೇಕು. ನಮ್ಮ ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ನಾಲ್ಕನೆಯ ಶನಿವಾರದ ರಾತ್ರಿಯನ್ನು ಆರಿಸಿ ಶುಕ್ರವಾರ ಒಂದು ದಿನ ರಜೆ ಹಾಕಿದೆ. ನಡಿಗೆಯ ದಿನ, ಸಮಯ, ಎಷ್ಟು ಜನರಿಗೆ ಅವಕಾಶ ಎಂಬುದನ್ನು ಸ್ವಯಂಸೇವಕರಲ್ಲಿ ಮೊದಲೇ ವಿಚಾರಿಸಿಕೊಂಡೆ.

ಶುಕ್ರವಾರ ಎಗ್ಮೂರಿನ ಸಂಗ್ರಹಾಲಯಕ್ಕೆ ರಜೆ. ಆದ್ದರಿಂದ ಆ ದಿನ ಪೂರ್ವ ಕರಾವಳಿ ರಸ್ತೆ ಹಿಡಿದೆವು. ವಡನೆಮ್ಮೇಲಿಯಲ್ಲಿ 1976ರಲ್ಲಿ ಆರಂಭವಾದ ಮೊಸಳೆ ಕೇಂದ್ರವಿದೆ. ಸಿಹಿನೀರಿನ ಆಮೆಗಳೂ ಅಲ್ಲಿವೆ. ಸೋಮವಾರ ಅದಕ್ಕೆ ರಜೆ ಎಂಬುದನ್ನು ನೆನಪಿಡಬೇಕು. ಅಲ್ಲಿಂದ ಮುಂದೆ ಮಹಾಬಲಿಪುರ. ಅಲ್ಲಿಯ ಕಡಲ ತೀರದ ಗುಡಿಯನ್ನು ಕಟ್ಟಿಸಿದ ಪಲ್ಲವ ರಾಜಸಿಂಹನೇ ಕಂಚಿಯ ಕೈಲಾಸನಾಥ ದೇಗುಲವನ್ನೂ ಕಟ್ಟಿಸಿದವನು. ಆ ದೇಗುಲದ ಕಂಬವೊಂದರಲ್ಲಿ ನಮ್ಮ ಚಾಲುಕ್ಯ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ: ಗೆದ್ದು ಬಂದವನು ದೇವರ ಒಡವೆಯನ್ನು ದೇವರಿಗೇ ಬಿಟ್ಟುಕೊಟ್ಟ ಸಂಗತಿ. ಭಾವ "ಕಂಚಿಗೂ ಹೋಗಿಬಿಡೋಣ" ಎಂದರು. ನಾನು ಒಪ್ಪಲಿಲ್ಲ. ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಂಡೆವು.

ಶನಿವಾರ ಬೆಳಿಗ್ಗೆ ಸಂಗ್ರಹಾಲಯ ಒಂದೇ. 1851ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಕಂಚಿನ ವಿಗ್ರಹಗಳ ವಿಭಾಗವನ್ನೂ ಅಮರಾವತಿಯ ಶಿಲ್ಪಗಳನ್ನೂ ನಿಧಾನವಾಗಿ ನೋಡಿದೆವು. ಮಧ್ಯಾಹ್ನ ಮನೆಯಲ್ಲಿ ಅನ್ನ ಸಾರು, ಅಮ್ಮನ ಆಜ್ಞೆಯಂತೆ ಎಲ್ಲರಿಗೂ ನಿದ್ದೆ. ರಾತ್ರಿಗೆ ಗಾಢ ಬಣ್ಣದ ಬಟ್ಟೆ, ಕುಡಿಯುವ ನೀರು, ಚಕ್ಕುಲಿ. ಮೊಬೈಲು ಚೀಲದ ತಳದಲ್ಲಿ. ಭಾನುವಾರ ತಡವಾಗಿ ಎದ್ದು, ಸಂಜೆ ಕಪಾಲೀಶ್ವರನ ದರ್ಶನ, ರಾತ್ರಿಯ ರೈಲು.

ಅಚ್ಚುಕಟ್ಟಾದ ಯೋಜನೆ. ಅಂದ ಮೇಲೆ ಆಮೆ ಕಂಡಿತೇ? ಕಂಡಿತು, ಸತ್ತ ಆಮೆ.

ಅದು 2025ರ ಜನವರಿ. ಆ ತಿಂಗಳು ಚೆನ್ನೈಯ ಮತ್ತು ಸುತ್ತಲಿನ ದಡಕ್ಕೆ ನೂರಾರು ಸತ್ತ ಆಮೆಗಳು ಬಂದು ಬಿದ್ದದ್ದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಆಮೆ ಮೀನಲ್ಲ, ಉಸಿರಿಗಾಗಿ ಆಗಾಗ ನೀರಿನ ಮೇಲಕ್ಕೆ ಬರಬೇಕು. ಟ್ರಾಲ್ ಬಲೆಯಲ್ಲಿ ಸಿಕ್ಕಿ ಮೇಲೇಳಲಾರದೆ ಹೋದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ದಡದಿಂದ 5 ನಾಟಿಕಲ್ ಮೈಲಿಯೊಳಗೆ ಯಂತ್ರದ ದೊಡ್ಡ ದೋಣಿಗಳು ಟ್ರಾಲ್ ಬಲೆ ಎಳೆಯಬಾರದೆಂಬ ನಿಯಮ ಈ ರಾಜ್ಯದಲ್ಲಿದೆ. ಸಿಕ್ಕ ಆಮೆ ಹೊರಬೀಳುವಂತೆ ಬಲೆಗೆ ಜೋಡಿಸುವ ಸಾಧನವೂ ಇದೆ. ಇವೆರಡನ್ನೂ ಎಲ್ಲರೂ ಪಾಲಿಸಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಇದನ್ನು ಬೆಸ್ತರೆಲ್ಲರ ಮೇಲೆ ಹೊರಿಸುವುದೂ ತಪ್ಪು. ಮೀನು ಬೇಡುವ ಬಾಯಿಗಳು ನಗರದವೇ.

ಅಮ್ಮ ಆ ದೇಹದ ಬಳಿ ಸ್ವಲ್ಪ ಹೊತ್ತು ಕುಳಿತರು. ಕೈ ಮುಗಿದರು. ಹುಡುಗಿ ಏನೂ ಕೇಳಲಿಲ್ಲ. ಬೆಳಗಿನ ಜಾವ ಬೆಸೆಂಟ್ ನಗರ ಮುಟ್ಟಿದೆವು. ಜೀವಂತ ಆಮೆ ಒಂದೂ ಕಾಣಲಿಲ್ಲ. ಮೃಗಾಲಯದಲ್ಲಾದರೆ ಟಿಕೆಟಿಗೆ ಪ್ರಾಣಿ ಖಚಿತ. ಕಡಲು ಹಾಗೆ ರಸೀದಿ ಕೊಡುವುದಿಲ್ಲ. ಇದನ್ನು ನೆಂಟರಿಗೆ ಮೊದಲೇ ಹೇಳಿ ಕರೆದೊಯ್ಯಬೇಕು.

ಚಿಕ್ಕ ಮಕ್ಕಳಿರುವವರಿಗೂ ಹೆಚ್ಚು ನಡೆಯಲಾರದ ಹಿರಿಯರಿಗೂ ಸುಲಭವಾದ ಇನ್ನೊಂದು ದಾರಿಯಿದೆ. ಮಾರ್ಚಿಯಿಂದ ಮೇವರೆಗೆ ಬೆಸೆಂಟ್ ನಗರದಲ್ಲಿ ಸಂಜೆ ಹೊತ್ತು, ಮರಿಗಳು ಹೊರಬಂದ ದಿನ, ಅವನ್ನು ಕಡಲಿಗೆ ಬಿಡುವುದನ್ನು ನೋಡಬಹುದು. ಏಪ್ರಿಲಿನ ಬೇಸಿಗೆ ರಜೆಯಲ್ಲಿ ಮತ್ತೆ ಎಲ್ಲರೂ ಬಂದರು. ಈ ಸಲ ಹಾಳೆಯಲ್ಲಿ ಬೇರೇನನ್ನೂ ಬರೆದಿರಲಿಲ್ಲ. ಮುಳುಗುತ್ತಿದ್ದವರನ್ನು ಉಳಿಸಹೋಗಿ 1930ರಲ್ಲಿ ಪ್ರಾಣ ಬಿಟ್ಟ ಡೆನ್ಮಾರ್ಕಿನ ಸ್ಮಿಟ್ ಎಂಬಾತನ ಸ್ಮಾರಕ ಅದೇ ದಡದಲ್ಲಿದೆ. ಅದರ ನೆರಳಿನಲ್ಲಿ ಕುಳಿತು ಸುಂಡಲ್ ತಿಂದೆವು.

ಮಬ್ಬಾದಾಗ ಸ್ವಯಂಸೇವಕರು ಬುಟ್ಟಿ ತಂದು ಮರಳ ಮೇಲಿಳಿಸಿದರು. ಅಂಗೈಗಿಂತ ಚಿಕ್ಕ ಮರಿಗಳು ಹುಟ್ಟು ಹಾಕುವಂತೆ ಕಾಲಾಡಿಸುತ್ತ ಹೊರಟವು. ಹಿಂದಿನ ವರ್ಷ ನಿದ್ದೆ ಹೋಗಿದ್ದ ಚಿಕ್ಕವನು ಉಸಿರು ಬಿಗಿಹಿಡಿದು ನಿಂತಿದ್ದ. ಮೊದಲ ಅಲೆ ಬಂದು ಒಂದಷ್ಟನ್ನು ಎತ್ತಿಕೊಂಡಿತು. "ಹೋದವು" ಎಂದ.

ಅಮ್ಮ ಅವನನ್ನು ತಿದ್ದಿದರು: "ಹಾಗನ್ನಬಾರದು ಮಗು. ಹೋಗಿ ಬನ್ನಿ ಅನ್ನು."

ನಾವೆಲ್ಲ ಹಾಗೆಂದೇ ಹೇಳಿದೆವು.

ಮಹಾಶಯರೇ, ನಮ್ಮ ಉತ್ತರ ಕನ್ನಡ, ಉಡುಪಿ ಜಿಲ್ಲೆಗಳ ಮರಳಿನಲ್ಲೂ ಇದೇ ಜಾತಿಯ ಆಮೆಗಳು ಮೊಟ್ಟೆಯಿಡುತ್ತವೆ. ಇದು ಪರರ ಸಂಗತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ರಾಜ್ಯೋತ್ಸವ ಮುಗಿದ ಎರಡು ತಿಂಗಳಿಗೆ ಅವು ಇಲ್ಲಿಗೆ ಬರುತ್ತವೆ. ಸಂಘದಿಂದ ಒಂದು ಸಣ್ಣ ತಂಡ ಹೋಗಿಬರಲಿ ಎಂದೂ, ಕಡಲ ಬದಿಯಲ್ಲಿ ಮನೆಯಿರುವ ಸದಸ್ಯರು ಆ ತಿಂಗಳುಗಳಲ್ಲಿ ಕಡಲ ಕಡೆಯ ದೀಪಗಳನ್ನು ರಾತ್ರಿ ಬೇಗ ಆರಿಸಲಿ ಎಂದೂ ಕೋರುತ್ತೇನೆ. ಖರ್ಚಿಲ್ಲದ ಸೇವೆ, ವಿದ್ಯುತ್ತಿನ ಬಿಲ್ಲಿನಲ್ಲಿ ಉಳಿತಾಯವೂ ಉಂಟು ಎಂಬುದನ್ನು ಗುಮಾಸ್ತನಾಗಿ ಸೇರಿಸುತ್ತೇನೆ.