ಕೇಳಿಸದ ಧ್ವನಿಯ ಚಿಕಿತ್ಸೆ

ಬಾನುಲಿ ಧ್ವನಿಯ ಮಾಧ್ಯಮ. ನಾನಿಂದು ಹೇಳಹೊರಟಿರುವುದಾದರೋ ಮನುಷ್ಯನ ಕಿವಿಗೆ ಎಂದೂ ನಿಲುಕದ ಒಂದು ಧ್ವನಿಯ ಸಂಗತಿ. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಶಬ್ದ ನಮಗೆ ಕೇಳಿಸದು. ಮಂಡಿ, ಭುಜ, ಸೊಂಟಗಳ ನೋವಿಗೆ ನನ್ನಂಥ ಭೌತಚಿಕಿತ್ಸಕರು ಬಳಸುವ ಶ್ರವಣಾತೀತ ಧ್ವನಿ ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಕಂಪನಗಳದು.

1880ರಲ್ಲಿ ಫ್ರಾನ್ಸಿನ ಕ್ಯೂರಿ ಸೋದರರು, ಪಿಯರ್ ಮತ್ತು ಜಾಕ್, ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡುಕೊಂಡರು. ವಿದ್ಯುತ್ತನ್ನು ಊಡಿದರೆ ಹರಳೇ ಕಂಪಿಸುವುದೆಂಬುದೂ ಬಳಿಕ ತಿಳಿಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಇದೇ ತತ್ತ್ವವನ್ನು ಬಳಸಿದ ಪಾಲ್ ಲ್ಯಾಂಜೆವಿನ್, ಧ್ವನಿಯ ಹಾದಿಯಲ್ಲಿ ಸಿಕ್ಕ ಮೀನುಗಳು ಸಾಯುವುದನ್ನೂ ನೀರಿನಲ್ಲಿಟ್ಟ ಕೈ ನೋಯುವುದನ್ನೂ ಗಮನಿಸಿದರು. ಹೀಗೆ ಮೊದಲು ನೋವನ್ನಿತ್ತ ಶಕ್ತಿಯೇ ಮುಂದೆ ನೋವಿನ ಶಮನಕ್ಕೆ ನಿಯೋಜಿತವಾಯಿತು.

ಯಂತ್ರದ ಕ್ರಮ ಸರಳವಾದುದು. ಗಾಳಿಯ ತೆಳುಪದರವೂ ಈ ಧ್ವನಿಯನ್ನು ಹಿಂದಕ್ಕಟ್ಟುವುದರಿಂದ ಚರ್ಮಕ್ಕೆ ಜೆಲ್ ಸವರುತ್ತೇವೆ. 30 ಲಕ್ಷ ಕಂಪನಗಳ ಧ್ವನಿ ಮೇಲ್ಪದರದಲ್ಲೇ ಇಂಗುತ್ತದೆ. 10 ಲಕ್ಷದ್ದು ಇನ್ನಷ್ಟು ಆಳಕ್ಕಿಳಿಯುತ್ತದೆ. ಹೀರಲ್ಪಟ್ಟ ಧ್ವನಿ ಶಾಖವಾಗುತ್ತದೆ. ಆದುದರಿಂದಲೇ ಯಂತ್ರದ ತಲೆಯನ್ನು ಸದಾ ಆಡಿಸುತ್ತಿರಬೇಕು. ಒಂದೇ ಕಡೆ ನಿಲ್ಲಿಸಿದರೆ ಒಳಗೆ ಸುಟ್ಟೀತು. ಗರ್ಭಿಣಿಯ ಹೊಟ್ಟೆ, ಕಣ್ಣು, ಅರ್ಬುದವಿರುವ ಜಾಗ ಇವುಗಳ ಮೇಲೆ ಇದನ್ನು ಪ್ರಯೋಗಿಸುವಂತಿಲ್ಲ.

"ಏನೂ ಅನ್ನಿಸುತ್ತಿಲ್ಲವಲ್ಲ, ಇದರಿಂದ ನಿಜಕ್ಕೂ ಗುಣವಿದೆಯೆ?" ಎಂದು ರೋಗಿಗಳು ನನ್ನನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟಿಕೊಂಡವರಿಗೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ನೋವು ತಗ್ಗಿತ್ತು. ಆದರೆ 9 ತಿಂಗಳ ಬಳಿಕ, ನೋವಿನ ಮಟ್ಟಿಗೆ, ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. 2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ 35 ಪ್ರಯೋಗಗಳನ್ನು ಪರಿಶೀಲಿಸಿ, ಕ್ರಮಬದ್ಧವೆನಿಸಿದ 10ರಲ್ಲಿ 2 ಮಾತ್ರ ಈ ಚಿಕಿತ್ಸೆಯ ಪರವಾಗಿವೆಯೆಂದರು. ಸೊಂಟನೋವಿಗೆ ಇದನ್ನು ಕೊಡಬೇಡಿರೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿಯೇ ಸೂಚಿಸಿತು.

ಇನ್ನೊಂದು ಪ್ರಯೋಗವಂತೂ ಚಿಂತನೆಗೆ ಹಚ್ಚುತ್ತದೆ. 1988ರಲ್ಲಿ ಪ್ರಕಟವಾದ ಅದರಲ್ಲಿ, ದವಡೆಹಲ್ಲು ಕೀಳಿಸಿಕೊಂಡವರಿಗೆ ಧ್ವನಿಯನ್ನೇ ಹೊರಡಿಸದ ಯಂತ್ರವನ್ನು ಸೋಕಿಸಿದಾಗಲೂ ನೋವು, ಬಾವು ಇಳಿದವು. ಅಂದಮೇಲೆ ಆ ಉಪಶಮನ ಸುಳ್ಳೆ? ಸುಳ್ಳಲ್ಲ, ಬಾವು ಅಳತೆಗೆ ಸಿಕ್ಕುವ ವಸ್ತು. ಆದರೆ ಅದನ್ನು ಇಳಿಸಿದ್ದು ಧ್ವನಿಯಲ್ಲ. ನನ್ನನ್ನು ಒಬ್ಬರು ನೋಡಿಕೊಳ್ಳುತ್ತಿದ್ದಾರೆಂಬ ಭರವಸೆಯೆಂದೇ ನಾನು ತಿಳಿಯುತ್ತೇನೆ.

ಹಾಗಾದರೆ ಭರವಸೆ ಸಾಕೆಂದು ಸುಮ್ಮನಿರೋಣವೆ? ಕೂಡದು. ಸವೆದ ಮಂಡಿಗೆ ಬೇಕಾದುದು ತೊಡೆಯ ಸ್ನಾಯುಗಳ ಬಲ. ಅದು ವ್ಯಾಯಾಮದಿಂದಲ್ಲದೆ ಬಾರದು. ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ವಾರಗಟ್ಟಲೆ ಮಲಗಿದವನು ಹಣದೊಂದಿಗೆ ಕಾಲಿನ ಶಕ್ತಿಯನ್ನೂ ಕಳೆದುಕೊಳ್ಳುತ್ತಾನೆ. ನಡೆದಾಡಿ ಬಾಳಬೇಕಾದ ಬಡ ದುಡಿಮೆಗಾರನಿಗೆ ಈ ನಷ್ಟ ಸಣ್ಣದಲ್ಲ.

ನಮ್ಮ ವೈದ್ಯಪರಂಪರೆಯಲ್ಲಿ ಅನುಪಾನವೆಂಬ ಮಾತಿದೆ: ಔಷಧದ ಜೊತೆಗೆ ಕೊಡುವ ಜೇನೋ ಹಾಲೋ. ಶ್ರವಣಾತೀತ ಧ್ವನಿಗೆ, ಅದು ಬೇಕೆನಿಸಿದ ಕಡೆ, ಅನುಪಾನದ ಸ್ಥಾನವನ್ನು ಕೊಡೋಣ. ಔಷಧವೆಂದರೆ ರೋಗಿ ತಾನೇ ದಿನವೂ ಎತ್ತಿ ಇಳಿಸುವ ಕಾಲು. ಹೀಗೆಂದು ರೋಗಿಗೆ ಮೊದಲ ದಿನವೇ ತಿಳಿಯಹೇಳುವುದು ಚಿಕಿತ್ಸಕನ ಧರ್ಮ. ಹೇಳದಿದ್ದರೆ, ಕೇಳಿ ತಿಳಿಯುವುದು ರೋಗಿಯ ಹಕ್ಕು.